ರಾಕೆಟ್ ಇಲ್ಲದ ಊರಿಗೆ ಬಾಹ್ಯಾಕಾಶದಲ್ಲಿ ಏನು ಕೆಲಸ?

ಬೆಲ್ಜಿಯಂನಲ್ಲಿ ನಾಮೂರ್ ಅಂತ ಒಂದು ಊರಿದೆ. ಸಾಂಬ್ರ್ ಮತ್ತು ಮ್ಯೂಸ್ ನದಿಗಳು ಕೂಡುವ ಜಾಗ ಅದು. ಅಲ್ಲಿನ ವಿಶ್ವವಿದ್ಯಾಲಯದ ಬೇರು 1831ರಷ್ಟು ಹಿಂದಕ್ಕೆ ಹೋಗುತ್ತದೆ. ಶುರು ಮಾಡಿದವರು ಜೆಸ್ಯೂಟ್ ಪಾದ್ರಿಗಳು. ಕಾನೂನು, ವೈದ್ಯಕೀಯ, ಗಣಿತ, ಕಂಪ್ಯೂಟರ್ ವಿಜ್ಞಾನ ಎಲ್ಲ ಅಲ್ಲಿ ಕಲಿಸುತ್ತಾರೆ. ಆದರೆ ರಾಕೆಟ್ ಎಂಜಿನಿಯರಿಂಗ್‌ಗೆ ಆ ಜಾಗ ಹೆಸರಾದದ್ದಲ್ಲ. ಅಂಥ ವಿಶ್ವವಿದ್ಯಾಲಯ ಬಾಹ್ಯಾಕಾಶಕ್ಕೆಂದೇ ಕಟ್ಟಿದ ಯುರೋಪಿನ ಒಂದು ಕೂಟಕ್ಕೆ ಸೇರಿಕೊಂಡಿದೆ. ಕೂಟದ ಹೆಸರು ಯೂನಿವರ್ಸೆಹ್. 'ಭೂಮಿ ಮತ್ತು ಮಾನವಕುಲಕ್ಕಾಗಿ ಯುರೋಪಿನ ಬಾಹ್ಯಾಕಾಶ ವಿಶ್ವವಿದ್ಯಾಲಯ' ಎನ್ನುವುದು ಅದರ ಪೂರ್ತಿ ಹೆಸರು.

ಇದನ್ನು ಹೇಳಿದರೆ ನಮ್ಮಲ್ಲಿ ಹಲವರು ಮೂಗು ಮುರಿಯುತ್ತಾರೆ. ರಾಕೆಟ್ ಇಲ್ಲದವರಿಗೆ ಬಾಹ್ಯಾಕಾಶ ಯಾಕೆ ಅನ್ನುತ್ತಾರೆ. ಬಾಹ್ಯಾಕಾಶದ ಓದು ಅಂದರೆ ರಾಕೆಟ್ಟಿನ ಓದು ಎಂಬ ಈ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಅಂದರೆ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಳ್ಳದ ಮಕ್ಕಳು ಆ ಕಡೆ ತಲೆ ಎತ್ತಿ ನೋಡುವುದನ್ನೇ ಬಿಟ್ಟುಬಿಡುತ್ತಾರೆ. ಇದು ಶುದ್ಧ ತಪ್ಪು. ರಾಕೆಟ್ ಕೆಲಸ ಮಾಡುವುದು ಕೆಲವು ನಿಮಿಷ. ಅದು ಬಿಟ್ಟುಬಂದ ಉಪಗ್ರಹ ಕೆಲಸ ಮಾಡುವುದು ಹತ್ತು ಹದಿನೈದು ವರ್ಷ. ಆ ವರ್ಷಗಳ ಕೆಲಸ ಯಾರದು ಎನ್ನುವುದೇ ಈ ಕೂಟದ ಕತೆ.

ಮೊದಲು ಕೂಟದ ವಿಚಾರ ಬೇಗ ಮುಗಿಸುತ್ತೇನೆ. 2017ರ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅಧ್ಯಕ್ಷ ಮ್ಯಾಕ್ರನ್ ಅವರು ಪ್ಯಾರಿಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಒಂದು ಭಾಷಣ ಮಾಡಿದರು. ಬೇರೆ ಬೇರೆ ದೇಶಗಳ ವಿಶ್ವವಿದ್ಯಾಲಯಗಳು ಸೇರಿ ಜಾಲ ಕಟ್ಟಬೇಕು ಎಂದರು. 2019ರಲ್ಲಿ ಇಂಥ 17 ಕೂಟಗಳಿಗೆ ಯುರೋಪಿಯನ್ ಒಕ್ಕೂಟದ ಹಣ ಸಿಕ್ಕಿತು. 2020ರಲ್ಲಿ ಇನ್ನೂ 24 ಸೇರಿದವು. ಯೂನಿವರ್ಸೆಹ್ ಅವುಗಳಲ್ಲಿ ಒಂದು. ಶುರುವಿನಲ್ಲಿ ಇದ್ದದ್ದು ಐದು ಊರು: ಫ್ರಾನ್ಸಿನ ಟುಲೂಸ್, ಸ್ವೀಡನ್ನಿನ ಲುಲಿಯೊ, ಜರ್ಮನಿಯ ಡ್ಯುಸೆಲ್‌ಡಾರ್ಫ್, ಪೋಲೆಂಡಿನ ಕ್ರಾಕೊ ಮತ್ತು ಲಕ್ಸೆಂಬರ್ಗ್. ನಾಮೂರ್ ಸೇರಿದ್ದು ಆಮೇಲೆ. ಒಂದು ಕಡೆ ಹೆಸರು ಬರೆಸಿದ ವಿದ್ಯಾರ್ಥಿ ಇನ್ನೊಂದು ಕಡೆ ಹೋಗಿ ಕಲಿಯಬೇಕು, ಅಲ್ಲಿ ಗಳಿಸಿದ ಕ್ರೆಡಿಟ್ ಇಲ್ಲೂ ನಡೆಯಬೇಕು ಎನ್ನುವುದು ಯೋಚನೆಯ ತಿರುಳು. ಯುರೋಪಿನಲ್ಲಿ ಒಂದು ಪೂರ್ತಿ ವರ್ಷದ ಓದಿಗೆ 60 ಕ್ರೆಡಿಟ್ ಎಂಬ ಲೆಕ್ಕ ಎಲ್ಲ ಕಡೆ ಇರುವುದರಿಂದ ಇದು ಸಾಧ್ಯವಾಗುತ್ತದೆ.

ಆದರೆ ಊರಿಂದ ಊರಿಗೆ ಹೋಗಬೇಕು ಯಾಕೆ? ಪುಸ್ತಕ ಎಲ್ಲ ಕಡೆಯೂ ಅದೇ ಅಲ್ವಾ? ಇಲ್ಲಿಂದ ನನಗೆ ತುಂಬಾ ಇಷ್ಟವಾದ ಭಾಗ ಶುರು. ಬಾಹ್ಯಾಕಾಶ ಎಲ್ಲ ಊರಿಗೂ ಒಂದೇ ಥರ ಕಾಣುವುದಿಲ್ಲ.

ಲುಲಿಯೊ ವಿಶ್ವವಿದ್ಯಾಲಯದ ಬಾಹ್ಯಾಕಾಶ ವಿಭಾಗ ಇರುವುದು ಕಿರುನಾದಲ್ಲಿ. ಅದು ಕಬ್ಬಿಣದ ಗಣಿಯ ಪಟ್ಟಣ. ಉತ್ತರಕ್ಕೆ ಸುಮಾರು 68 ಡಿಗ್ರಿ ಅಕ್ಷಾಂಶದಲ್ಲಿ, ಆರ್ಕ್ಟಿಕ್ ವೃತ್ತದಿಂದಲೂ ಮೇಲೆ ಇದೆ. ಗಣಿ ಅಗೆದೂ ಅಗೆದೂ ನೆಲ ಕುಸಿಯುತ್ತಿರುವುದರಿಂದ ಪಟ್ಟಣವನ್ನೇ ಬೇರೆ ಕಡೆ ಸಾಗಿಸುತ್ತಿದ್ದಾರೆ. 2025ರ ಆಗಸ್ಟಿನಲ್ಲಿ ಅಲ್ಲಿನ ಮರದ ಚರ್ಚನ್ನು ಇಡಿಯಾಗಿ ಎತ್ತಿ ಗಾಡಿಯ ಮೇಲೆ ಐದು ಕಿಲೋಮೀಟರ್ ಸಾಗಿಸಿದ ಸುದ್ದಿಯನ್ನು ನೀವು ನೋಡಿರಬಹುದು. ಆ ಪಟ್ಟಣದಿಂದ 40 ಕಿಲೋಮೀಟರ್ ಆಚೆ ಎಸ್ರೇಂಜ್ ಎಂಬ ಬಾಹ್ಯಾಕಾಶ ಕೇಂದ್ರ ಇದೆ. 1966ರಿಂದ ಅಲ್ಲಿ ಸಂಶೋಧನೆಯ ಸಣ್ಣ ರಾಕೆಟ್‌ಗಳು ಹಾರುತ್ತಿವೆ. ಉಪಗ್ರಹಗಳ ಜೊತೆ ಮಾತಾಡುವ ದೊಡ್ಡ ದೊಡ್ಡ ಆಂಟೆನಾಗಳೂ ಅಲ್ಲಿವೆ.

ಅಷ್ಟು ದೂರದ ಹಿಮದಲ್ಲಿ ಆಂಟೆನಾ ಯಾಕೆ? ನಮ್ಮ ಟಿ.ವಿ.ಯವರ ಮಾತು ಕೇಳಿದರೆ ಉಪಗ್ರಹ ಸದಾ ನಮ್ಮ ತಲೆಯ ಮೇಲೆ ನಿಂತಿರುತ್ತದೆ, ಬೇಕು ಅಂದಾಗ ಫೋಟೊ ಹೊಡೆದು ಕಳಿಸುತ್ತದೆ ಅನ್ನಿಸುತ್ತದೆ. ಹಾಗೆ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಬೆಳೆ, ಕಾಡು, ಕೆರೆಗಳ ಚಿತ್ರವನ್ನು ಹತ್ತಿರದಿಂದ ತೆಗೆಯುವ ಉಪಗ್ರಹಗಳು ಸಾವಿರ ಕಿಲೋಮೀಟರಿಗಿಂತ ಕೆಳಗೆ, ಧ್ರುವದಿಂದ ಧ್ರುವಕ್ಕೆ ಓಡುತ್ತಿರುತ್ತವೆ.

2011ರಲ್ಲಿ ಹಾರಿದ ನಮ್ಮ ರಿಸೋರ್ಸ್‌ಸ್ಯಾಟ್-2 ಅನ್ನೇ ತೆಗೆದುಕೊಳ್ಳಿ. ಎತ್ತರ 817 ಕಿಲೋಮೀಟರ್. ಒಂದು ಸುತ್ತಿಗೆ ಸುಮಾರು 101 ನಿಮಿಷ. ದಿನಕ್ಕೆ 14 ಸುತ್ತು. ಅದು ಒಂದು ಸುತ್ತು ಮುಗಿಸುವಷ್ಟರಲ್ಲಿ ಕೆಳಗೆ ಭೂಮಿ 25 ಡಿಗ್ರಿಯಷ್ಟು ತಿರುಗಿರುತ್ತದೆ. ಹಾಗಾಗಿ ಸಮಭಾಜಕದ ಮೇಲೆ ಅದರ ಮುಂದಿನ ದಾರಿ ಹಿಂದಿನದಕ್ಕಿಂತ ಸುಮಾರು 2,800 ಕಿಲೋಮೀಟರ್ ಪಶ್ಚಿಮಕ್ಕೆ ಬೀಳುತ್ತದೆ. ಬೆಂಗಳೂರಿನ ಆಕಾಶದಲ್ಲಿ ಅದು ದಿನಕ್ಕೆ ನಾಲ್ಕೈದು ಸಲ ಮಾತ್ರ ದಿಗಂತದಿಂದ ಮೇಲೆ ಬರುತ್ತದೆ. ಉಳಿದ ಸುತ್ತುಗಳೆಲ್ಲ ಬೇರೆಯವರ ಆಕಾಶದಲ್ಲಿ.

ಈಗ ಕಿರುನಾಕ್ಕೆ ಬನ್ನಿ. ಅಲ್ಲಿ ಭೂಮಿಯ ಸುತ್ತಳತೆಯೇ ಕಡಿಮೆ. ಅದೇ 25 ಡಿಗ್ರಿಗೆ ಅಲ್ಲಿ ಸಾವಿರ ಚಿಲ್ಲರೆ ಕಿಲೋಮೀಟರ್ ಅಷ್ಟೇ. ಉಪಗ್ರಹ ಸುತ್ತಿದಷ್ಟು ಸಲವೂ ಧ್ರುವದ ಹತ್ತಿರ ಹಾಯಲೇಬೇಕು. ಹಾಗಾಗಿ 14 ಸುತ್ತಿನಲ್ಲಿ ಹತ್ತಕ್ಕಿಂತ ಜಾಸ್ತಿ ಸಲ ಅದು ಕಿರುನಾದ ಆಂಟೆನಾಕ್ಕೆ ಕಾಣಿಸುತ್ತದೆ. ಪ್ರತಿ ಸಲ ಸಿಗುವುದು ಹೆಚ್ಚೆಂದರೆ ಕಾಲು ಗಂಟೆ. ಅಷ್ಟರಲ್ಲಿ ತುಂಬಿಕೊಂಡ ಚಿತ್ರಗಳನ್ನೆಲ್ಲ ಅದು ಕೆಳಗೆ ಸುರಿಯಬೇಕು. ಇದೇ ಕಾರಣಕ್ಕೆ ನಮ್ಮವರೂ 2013ರಲ್ಲಿ ಅಂಟಾರ್ಕ್ಟಿಕಾದ ಭಾರತಿ ನಿಲ್ದಾಣದಲ್ಲಿ ಆಂಟೆನಾ ನಿಲ್ಲಿಸಿದರು. ಅದು ಇರುವುದು ದಕ್ಷಿಣಕ್ಕೆ 69 ಡಿಗ್ರಿಯಲ್ಲಿ. ಕಿರುನಾ ಉತ್ತರದಲ್ಲಿ ಎಷ್ಟು ಮೇಲಿದೆಯೋ ಭಾರತಿ ದಕ್ಷಿಣದಲ್ಲಿ ಹೆಚ್ಚುಕಡಿಮೆ ಅಷ್ಟೇ ಕೆಳಗಿದೆ. ಅಲ್ಲಿ ಇಳಿದ ಚಿತ್ರಗಳು ಹೈದರಾಬಾದ್ ಬಳಿಯ ಶಾದ್‌ನಗರಕ್ಕೆ ಬರುತ್ತವೆ.

ಇದಕ್ಕಿಂತ ಸೋಜಿಗದ್ದು ಇನ್ನೊಂದಿದೆ. ರಿಸೋರ್ಸ್‌ಸ್ಯಾಟ್-2 ಹಗಲಿನಲ್ಲಿ ಸಮಭಾಜಕ ದಾಟುವಾಗ ಕೆಳಗಿನ ಊರಿನಲ್ಲಿ ಯಾವಾಗಲೂ ಬೆಳಿಗ್ಗೆ ಹತ್ತೂವರೆ. ಜನವರಿಯಲ್ಲೂ ಹತ್ತೂವರೆ, ಜುಲೈನಲ್ಲೂ ಹತ್ತೂವರೆ. ಹೋದ ವರ್ಷದ ಬೆಳೆಗೂ ಈ ವರ್ಷದ ಬೆಳೆಗೂ ಹೋಲಿಸಬೇಕಾದರೆ ನೆರಳು ಒಂದೇ ಥರ ಬೀಳಬೇಕು. ಅದಕ್ಕೇ ಈ ಏರ್ಪಾಡು. ಆದರೆ ಭೂಮಿ ಸೂರ್ಯನ ಸುತ್ತ ಹೋಗುತ್ತಿರುತ್ತದೆ. ಉಪಗ್ರಹದ ಕಕ್ಷೆ ಇದ್ದ ಹಾಗೇ ಇದ್ದರೆ ಮೂರು ತಿಂಗಳಲ್ಲಿ ಹತ್ತೂವರೆ ಹೋಗಿ ಆರು ಗಂಟೆಯಷ್ಟು ವ್ಯತ್ಯಾಸ ಬಂದುಬಿಡುತ್ತದೆ. ಬರಬಾರದು ಅಂದರೆ ಕಕ್ಷೆಯೇ ದಿನಕ್ಕೆ ಒಂದು ಡಿಗ್ರಿಗಿಂತ ತುಸು ಕಡಿಮೆ ತಿರುಗುತ್ತಾ ಹೋಗಬೇಕು. ವರ್ಷಕ್ಕೆ ಸರಿಯಾಗಿ ಒಂದು ಸುತ್ತು. ಅದನ್ನು ತಿರುಗಿಸುವವರು ಯಾರು? ಎಂಜಿನ್ ಇಟ್ಟು ತಿರುಗಿಸಲು ಹೊರಟರೆ ಇಂಧನ ಎಲ್ಲಿಂದ ಸಾಕಾದೀತು?

ತಿರುಗಿಸುವುದು ಭೂಮಿಯ ಹೊಟ್ಟೆ! ಭೂಮಿ ಪೂರ್ತಿ ಗುಂಡಗಿಲ್ಲ. ನಡುವಿನಲ್ಲಿ ಅದರ ತ್ರಿಜ್ಯ ಧ್ರುವದಲ್ಲಿರುವುದಕ್ಕಿಂತ 21 ಕಿಲೋಮೀಟರ್ ಜಾಸ್ತಿ. ಓರೆಯಾಗಿ ಸುತ್ತುವ ಉಪಗ್ರಹವನ್ನು ಆ ಉಬ್ಬು ಸಮಭಾಜಕದ ಕಡೆಗೆ ಎಳೆಯುತ್ತದೆ. ಎಳೆದರೆ ಕಕ್ಷೆ ವಾಲಿಬಿಡಬೇಕು ಅನ್ನಿಸುತ್ತದೆ. ವಾಲುವುದಿಲ್ಲ. ಬುಗುರಿ ನೆನಪಿಸಿಕೊಳ್ಳಿ. ಜೋರಾಗಿ ತಿರುಗುವ ಬುಗುರಿ ಓರೆಯಾದರೆ ತಕ್ಷಣ ಬೀಳುವುದಿಲ್ಲ. ಬೀಳಿಸಲು ಹೊರಟ ಎಳೆತವೇ ಅದರ ತಲೆಯನ್ನು ನಿಧಾನಕ್ಕೆ ಸುತ್ತಲೂ ತಿರುಗಿಸುತ್ತದೆ. ಉಪಗ್ರಹದ ಕಕ್ಷೆಯೂ ಹಾಗೇ, ವಾಲುವ ಬದಲು ತಿರುಗುತ್ತದೆ. ಕಕ್ಷೆ ಸಮಭಾಜಕಕ್ಕೆ ಸರಿಯಾಗಿ 90 ಡಿಗ್ರಿಯಲ್ಲಿದ್ದರೆ ಏನೂ ಆಗದು. 90ಕ್ಕಿಂತ ಕಡಿಮೆ ಇದ್ದರೆ ಪಶ್ಚಿಮಕ್ಕೆ ತಿರುಗುತ್ತದೆ. ಜಾಸ್ತಿ ಇದ್ದರೆ ಪೂರ್ವಕ್ಕೆ. ನಮಗೆ ಬೇಕಾದದ್ದು ಪೂರ್ವಕ್ಕೆ. ಈ ಎತ್ತರದಲ್ಲಿ ಸುಮಾರು 98 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಬಿಟ್ಟರೆ ವರ್ಷಕ್ಕೊಂದು ಸುತ್ತು ಹೆಚ್ಚೂಕಡಿಮೆ ಪುಕ್ಕಟೆಯಾಗಿ ಸಿಗುತ್ತದೆ. ಭೂಮಿಯ ಒಂದು ಓರೆಕೋರೆಯನ್ನೇ ಹೀಗೆ ದುಡಿಸಿಕೊಳ್ಳಬಹುದು ಎಂದು ಲೆಕ್ಕ ಹಾಕಿದವರನ್ನು ಎಷ್ಟು ಮೆಚ್ಚಿದರೂ ಸಾಲದು.

ಈ ಲೆಕ್ಕ ರಾಕೆಟ್ಟಿನವರದಲ್ಲ, ಗಣಿತದವರದು. ನಾಮೂರ್ ಬರುವುದೇ ಇಲ್ಲಿ.

ಒಂದು ಕಾಯ ಇನ್ನೊಂದನ್ನು ಸುತ್ತುತ್ತಿರುವಾಗ ಮೂರನೆಯದು ಬಂದು ಸ್ವಲ್ಪ ಎಳೆದರೆ ದಾರಿ ಹೇಗೆ ಬದಲಾಗುತ್ತದೆ? ನ್ಯೂಟನ್ ಕಾಲದಿಂದಲೂ ಇದು ದೊಡ್ಡ ತಲೆನೋವು. ಚಂದ್ರನ ಓಟ ಎಲ್ಲಕ್ಕಿಂತ ಕಷ್ಟ, ಯಾಕಂದರೆ ಭೂಮಿಯ ಜೊತೆ ಸೂರ್ಯನೂ ಅದನ್ನು ಎಳೆಯುತ್ತಾನೆ. ಶಾರ್ಲ್ ದೆಲೊನೆ ಎಂಬ ಫ್ರೆಂಚ್ ವಿಜ್ಞಾನಿ ಈ ಒಂದೇ ಲೆಕ್ಕಕ್ಕೆ ಸುಮಾರು 20 ವರ್ಷ ಕೊಟ್ಟರು. ಎಲ್ಲವೂ ಕೈಯಲ್ಲೇ. 1860ರಲ್ಲಿ ಒಂದು ಸಂಪುಟ, 1867ರಲ್ಲಿ ಇನ್ನೊಂದು. ಒಂದೊಂದೂ ಸುಮಾರು 900 ಪುಟ. ಪುಟದ ತುಂಬ ಬೀಜಗಣಿತ. 1872ರಲ್ಲಿ ಶೆರ್ಬೂರ್ ಬಳಿಯ ಸಮುದ್ರದಲ್ಲಿ ದೋಣಿ ಮುಳುಗಿ ಅವರು ತೀರಿಕೊಂಡರು. ಮುಂದೆ ನೂರು ವರ್ಷ ಆ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಮಾಡಿ ನೋಡುವುದು ಯಾರಿಂದಲೂ ಆಗುವಂತಿರಲಿಲ್ಲ. 1970ರಲ್ಲಿ ಆಂದ್ರೆ ದೆಪ್ರಿ, ಜಾಕ್ ಆನ್ರಾರ್ ಮತ್ತು ಆರ್ನಾಲ್ಡ್ ರಾಮ್ ಎಂಬ ಮೂವರು ಅಮೆರಿಕದ ಬೋಯಿಂಗ್ ಪ್ರಯೋಗಾಲಯದಲ್ಲಿ ಕಂಪ್ಯೂಟರಿಗೇ ಬೀಜಗಣಿತ ಕಲಿಸಿ ಅದನ್ನು ಮಾಡಿಸಿದರು. 20 ಗಂಟೆ ಹಿಡಿಯಿತು. ಸಿಕ್ಕ ತಪ್ಪು ಮೂರು. ಅದರಲ್ಲೂ ಎರಡು ಮೊದಲನೆಯ ತಪ್ಪಿನಿಂದಲೇ ಹುಟ್ಟಿದ್ದು. 1,800 ಪುಟಕ್ಕೆ ಒಂದೇ ತಪ್ಪು ಅನ್ನಿ!

ಆ ಮೂವರಲ್ಲಿ ಒಬ್ಬರಾದ ಆನ್ರಾರ್ ಆಮೇಲೆ ನಾಮೂರಿನಲ್ಲಿ ಪ್ರಾಧ್ಯಾಪಕರಾದರು. ಅವರ ಸುತ್ತ ಅಲ್ಲಿ ಕಕ್ಷೆಗಳ ಗಣಿತದ ಒಂದು ಪರಂಪರೆಯೇ ಬೆಳೆಯಿತು. ಕ್ಷುದ್ರಗ್ರಹಗಳ ಓಟ, ಈಚೆಗೆ ಬಾಹ್ಯಾಕಾಶದ ಕಸದ ಓಟ ಅವರ ಕೆಲಸ. ಸತ್ತ ಉಪಗ್ರಹದಿಂದ ಕಿತ್ತುಬಂದ ತೆಳುವಾದ ಹಾಳೆಯಂಥ ಚೂರನ್ನು ಬಿಸಿಲು ಕೂಡ ತಳ್ಳುತ್ತದೆ, ಅದರ ಕಕ್ಷೆ ಉದ್ದುದ್ದಕ್ಕೆ ಹಿಗ್ಗಿಬಿಡಬಹುದು. ಅಂಥ ಚೂರು ಮುಂದೆ ಎಲ್ಲಿ ಹೋದೀತು ಎಂದು ಹೇಳಬಲ್ಲವರು ಬೇಕಾಗಿದೆ. ರಾಕೆಟ್ ಇಲ್ಲದ ಊರಿನ ಕೆಲಸ ಇದು.

ಉಳಿದ ಊರುಗಳೂ ಹೀಗೇ ಒಂದೊಂದನ್ನು ಹಿಡಿದಿವೆ. ಕ್ರಾಕೊದ ಎ.ಜಿ.ಎಚ್. ವಿಶ್ವವಿದ್ಯಾಲಯ ಮೂಲದಲ್ಲಿ ಗಣಿ ಮತ್ತು ಲೋಹದ ಶಾಲೆ. 1913ರಲ್ಲಿ ಮಂಜೂರಾಗಿ, ಯುದ್ಧದಿಂದ ತಡವಾಗಿ 1919ರಲ್ಲಿ ತೆರೆಯಿತು. ಗುರುತ್ವ ಕಡಿಮೆ ಇರುವ ಕಡೆ ಕೊರೆಯುವುದು ಹೇಗೆ ಎಂದು ಕೇಳಲು ಅವರಿಗಿಂತ ಸರಿಯಾದವರು ಯಾರು? ಅಲ್ಲಿನ ವಿದ್ಯಾರ್ಥಿಗಳು ಪಕ್ಕದ ಯಾಗೆಲೋನಿಯನ್ ವಿಶ್ವವಿದ್ಯಾಲಯದವರ ಜೊತೆ ಸೇರಿ 2019ರಲ್ಲಿ ಕ್ರಾಕ್‌ಸ್ಯಾಟ್ ಎಂಬ ಹತ್ತು ಸೆಂಟಿಮೀಟರಿನ ಪೆಟ್ಟಿಗೆಯನ್ನು ಕಕ್ಷೆಗೆ ಕಳಿಸಿದರು. ಉಪಗ್ರಹವನ್ನು ತಿರುಗಿಸಲು ಅದರಲ್ಲಿ ಚಕ್ರದ ಬದಲು ಕಾಂತೀಯ ದ್ರವ ಇತ್ತು. ಗಣಿಗೂ ಆಕಾಶಕ್ಕೂ ನಂಟು ನಮಗೆ ಹೊಸದಲ್ಲ ಬಿಡಿ. 1965ರಲ್ಲಿ ನಮ್ಮ ಕೆ.ಜಿ.ಎಫ್. ಗಣಿಯೊಳಗೆ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಸಿಕ್ಕಿತ್ತು.

ಅಗೆದದ್ದು ಯಾರ ಪಾಲು ಎನ್ನುವುದು ಲಕ್ಸೆಂಬರ್ಗಿನ ಪ್ರಶ್ನೆ. ಯಾವ ದೇಶವೂ ಚಂದ್ರನನ್ನೋ ಗ್ರಹವನ್ನೋ ತನ್ನದು ಅನ್ನುವಂತಿಲ್ಲ ಎಂದು 1967ರ ಬಾಹ್ಯಾಕಾಶ ಒಪ್ಪಂದ ಹೇಳುತ್ತದೆ. ಅಲ್ಲಿಂದ ತೆಗೆದ ಅದಿರಿಗೆ ಒಡೆಯರಿರಬಹುದು ಎಂದು ಲಕ್ಸೆಂಬರ್ಗ್ 2017ರಲ್ಲಿ ಕಾನೂನು ಮಾಡಿತು. ಎರಡೂ ಒಟ್ಟಿಗೆ ನಿಲ್ಲುತ್ತವೆಯೇ? ಈ ವಾದ ಇನ್ನೂ ಮುಗಿದಿಲ್ಲ, ಮುಂದಕ್ಕೆ ಕೊಂಡೊಯ್ಯಬೇಕಾದವರು ವಕೀಲರು. ಡ್ಯುಸೆಲ್‌ಡಾರ್ಫಿನಲ್ಲಿ ಎಂಜಿನಿಯರಿಂಗ್ ವಿಭಾಗವೇ ಇಲ್ಲ, ವೈದ್ಯಕೀಯ ಗಟ್ಟಿಯಾಗಿದೆ. ಹತ್ತಿರದ ಕಲೋನ್‌ನಲ್ಲಿ ಯುರೋಪಿನ ಗಗನಯಾತ್ರಿಗಳ ತರಬೇತಿ ಕೇಂದ್ರವಿದೆ. 2019ರಲ್ಲಿ ಅದೇ ಊರಿನಲ್ಲಿ ಸ್ವಯಂಸೇವಕರನ್ನು ತಲೆ ಆರು ಡಿಗ್ರಿ ಕೆಳಗಾಗುವಂತೆ 60 ದಿನ ಹಾಸಿಗೆಯಲ್ಲೇ ಮಲಗಿಸಿ, ತೂಕವಿಲ್ಲದ ಸ್ಥಿತಿಯಲ್ಲಿ ಮೈಗೆ ಏನಾಗುತ್ತದೆ ಎಂದು ನೋಡಿದರು.

ಕಿರುನಾಕ್ಕೂ ಟುಲೂಸಿಗೂ ನಮ್ಮ ಕೆಲಸಕ್ಕೂ ನಂಟಿದೆ. 2008ರ ಚಂದ್ರಯಾನ-1ರಲ್ಲಿ ಸಾರಾ ಎಂಬ ಉಪಕರಣ ಇತ್ತು. ಕಿರುನಾದ ಬಾಹ್ಯಾಕಾಶ ಭೌತವಿಜ್ಞಾನ ಸಂಸ್ಥೆ ಮತ್ತು ಇಸ್ರೋದ ತಿರುವನಂತಪುರದ ವಿಜ್ಞಾನಿಗಳು ಇನ್ನಿತರರ ಜೊತೆ ಸೇರಿ ಮಾಡಿದ್ದು ಅದು. ಸೂರ್ಯನಿಂದ ಬರುವ ಪ್ರೋಟಾನ್‌ಗಳನ್ನು ಚಂದ್ರನ ಮಣ್ಣು ಪೂರ್ತಿ ಹೀರಿಕೊಳ್ಳುತ್ತದೆ ಎಂದು ಅದುವರೆಗೆ ನಂಬಿದ್ದರು. ಐದರಲ್ಲಿ ಒಂದರಷ್ಟು ಹೈಡ್ರೋಜನ್ ಪರಮಾಣುವಾಗಿ ವಾಪಸ್ ಪುಟಿಯುತ್ತದೆ ಎಂದು ಸಾರಾ ತೋರಿಸಿತು.

ಟುಲೂಸಿನ ಪ್ರಯೋಗಾಲಯ ಮಂಗಳ ಗ್ರಹದ ಕ್ಯೂರಿಯಾಸಿಟಿ ರೋವರಿನ ಕೆಮ್‌ಕ್ಯಾಮ್ ಎಂಬ ಉಪಕರಣಕ್ಕೆ ಲೇಸರ್ ಭಾಗವನ್ನು ಕಟ್ಟಿಕೊಡುವುದರಲ್ಲಿ ಮುಂದಿತ್ತು. ಲೇಸರ್ ಹೊಡೆತಕ್ಕೆ ಕಲ್ಲಿನ ಒಂದು ಚುಕ್ಕೆ ಆವಿಯಾಗಿ ಹೊಳೆಯುತ್ತದೆ. ಆ ಹೊಳಪಿನ ಬಣ್ಣಗಳನ್ನು ಬಿಡಿಸಿದರೆ ಅದರಲ್ಲಿ ಯಾವ ಧಾತು ಇದೆ ಎಂದು ತಿಳಿಯುತ್ತದೆ. ಇದೇ ವಿಧಾನದ ಪುಟ್ಟ ಉಪಕರಣವನ್ನು ಬೆಂಗಳೂರಿನಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ ಮಾಡಿತು. 2023ರ ಆಗಸ್ಟಿನಲ್ಲಿ ಪ್ರಜ್ಞಾನ್ ರೋವರ್ ಚಂದ್ರನ ದಕ್ಷಿಣ ಧ್ರುವದ ಕಡೆ ಗಂಧಕ ಇರುವುದನ್ನು ಖಚಿತ ಮಾಡಿದ್ದು ಅದರಿಂದಲೇ. ಆ ಗಂಧಕ ಚಂದ್ರನ ಜೊತೆಗೇ ಹುಟ್ಟಿದ್ದೇ, ಜ್ವಾಲಾಮುಖಿ ಉಗುಳಿದ್ದೇ, ಉಲ್ಕೆ ತಂದು ಹಾಕಿದ್ದೇ ಎಂಬುದನ್ನು ಭೂವಿಜ್ಞಾನ ಓದಿದವರು ಹೇಳಬೇಕು.