ಉಣುಗು ತರುವ ವೈರಸ್, ಸೊಳ್ಳೆ ತಾರದ ವೈರಸ್

ಮಂಗನ ಕಾಯಿಲೆ ಬಗ್ಗೆ ಸಿದ್ದಾಪುರ, ಶಿರಸಿ ಕಡೆಯವರಿಗೆ ಹೊಸದಾಗಿ ಪಾಠ ಹೇಳಬೇಕಾಗಿಲ್ಲ. ದರಕು (ಒಣಗಿದ ಎಲೆ) ತರಲು ಬೆಟ್ಟಕ್ಕೆ ಹೋಗುವ ಮೊದಲು ಉಣುಗು (ಉಣ್ಣಿ) ಹತ್ತದಂತೆ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಬೇಕು. ಮಂಗ ಸತ್ತುಬಿದ್ದಿದ್ದರೆ ಆ ಕಡೆ ಸುಳಿಯಬಾರದು. ಉಣುಗು ಕಚ್ಚಿ ಜ್ವರ ಬಂದರೆ ಆಸ್ಪತ್ರೆಗೆ ಓಡಬೇಕು. ಇಷ್ಟು ಮಕ್ಕಳಿಗೂ ಗೊತ್ತು. ಹಾಗಾಗಿ ಈ ಸೀಮೆಯಲ್ಲಿ ಏಡ್ಸ್ ತರುವ ವೈರಸ್ಸಾದ ಎಚ್‌ಐವಿ ಮಾತು ಬಂದರೆ ಒಂದು ಪ್ರಶ್ನೆ ಏಳುವುದು ಸಹಜ: "ಉಣುಗು ಕಚ್ಚಿದ್ರೆ ಮಂಗನ ಕಾಯಿಲೆ, ಸೊಳ್ಳೆ ಕಚ್ಚಿದ್ರೆ ಡೆಂಗಿ. ಹಾಗಿದ್ಮೇಲೆ ಸೊಳ್ಳೆಯಿಂದ ಏಡ್ಸ್ ಯಾಕೆ ಬರಲ್ಲ?"

ಒಳ್ಳೆಯ ಪ್ರಶ್ನೆ, ಅಲ್ವಾ? "ಸೊಳ್ಳೆಯಿಂದ ಹರಡುವುದಿಲ್ಲ" ಎಂದು ಆಸ್ಪತ್ರೆಯ ಗೋಡೆ ಮೇಲೆ ಸುಮ್ನೆ ಬರೆದರೆ ನಂಬಿಕೆ ಹುಟ್ಟುವುದಿಲ್ಲ. ಕಾರಣ ಹೇಳಬೇಕು. ಕಾರಣ ಹೇಳಲು ಹೊರಟರೆ ಎಚ್‌ಐವಿಯ ಹುಟ್ಟುಗುಣವನ್ನೇ ಹೇಳಬೇಕಾಗುತ್ತದೆ.

ವೈರಸ್ ಯಾವುದೇ ಇರಲಿ, ಅದು ತಾನೇ ತಾನಾಗಿ ಹೆಚ್ಚಲಾರದು. ಯಾವುದಾದರೂ ಜೀವಕೋಶದ ಒಳಗೆ ಹೊಗಬೇಕು. ಹೊಗಲು ಆ ಕೋಶದ ಮೈಮೇಲೆ ತನಗೆ ಹೊಂದುವ ಪ್ರೋಟೀನ್ ಇರಬೇಕು. ಮಂಗನ ಕಾಯಿಲೆಯ ವೈರಸ್ ಈ ವಿಷಯದಲ್ಲಿ ಧಾರಾಳಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಮಂಗನ ಮೈಯಲ್ಲಿ ಬೆಳೆಯುತ್ತದೆ, ಇಲಿಯ ಮೈಯಲ್ಲಿ ಬೆಳೆಯುತ್ತದೆ, ಉಣುಗಿನ ಮೈಯಲ್ಲೂ ಬೆಳೆಯುತ್ತದೆ. ಮರಿ ಉಣುಗಿಗೆ ಹತ್ತಿದ ವೈರಸ್ ಅದು ಪೊರೆ ಕಳಚಿ ದೊಡ್ಡದಾದ ಮೇಲೂ ಜೊತೆಗೇ ಇರುತ್ತದೆ. ಡೆಂಗಿ ವೈರಸ್ ಕೂಡ ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆದು ಅದರ ಜೊಲ್ಲಿಗೆ ಬರುತ್ತದೆ. ಬರಲು ಒಂದು ವಾರಕ್ಕಿಂತ ಜಾಸ್ತಿ ಬೇಕು. ಆಮೇಲೆ ಕಚ್ಚಿದರೆ ಮಾತ್ರ ಡೆಂಗಿ.

ಎಚ್‌ಐವಿ ಹಾಗಲ್ಲ. ಅದಕ್ಕೆ ಬೇಕಾದದ್ದು ಸಿಡಿ4 ಎಂಬ ಪ್ರೋಟೀನ್. ಅದು ಮುಖ್ಯವಾಗಿ ಇರುವುದು ನಮ್ಮ ರಕ್ತದ ಬಿಳಿಕಣಗಳಲ್ಲಿ ಒಂದಾದ ಟಿ ಕೋಶಗಳ ಮೇಲೆ. ಜೊತೆಗೆ ಸಿಸಿಆರ್5 ಅಥವಾ ಅಂಥದೇ ಇನ್ನೊಂದು ಪ್ರೋಟೀನ್ ಕೂಡ ಸಿಗಬೇಕು. ಸೊಳ್ಳೆಯ ಮೈಯಲ್ಲಿ ಸಿಡಿ4 ಇಲ್ಲ. ಹಾಗಾಗಿ ಅದು ಕುಡಿದ ರಕ್ತದಲ್ಲಿ ಎಚ್‌ಐವಿ ಇದ್ದರೂ ಹೊಟ್ಟೆಯಲ್ಲಿ ರಕ್ತದ ಜೊತೆ ಅರಗಿಹೋಗುತ್ತದೆ.

"ಬೆಳೆಯದಿದ್ದರೆ ಬೇಡ, ಸೊಳ್ಳೆಯ ಸೊಂಡಿಲು ಇಂಜೆಕ್ಷನ್ ಸೂಜಿ ಇದ್ದ ಹಾಗಲ್ಲವೇ?" ಎಂದು ಕೇಳಬಹುದು. ಅಲ್ಲ. ಸೊಂಡಿಲಿನೊಳಗೆ ಎರಡು ದಾರಿಗಳಿವೆ. ಒಂದರಲ್ಲಿ ಜೊಲ್ಲು ನಮ್ಮೊಳಗೆ ಇಳಿಯುತ್ತದೆ, ಇನ್ನೊಂದರಲ್ಲಿ ರಕ್ತ ಮೇಲೇರುತ್ತದೆ. ಕುಡಿದ ರಕ್ತವನ್ನು ಸೊಳ್ಳೆ ಮುಂದಿನವರ ಮೈಗೆ ಬಿಡುವುದಿಲ್ಲ. ಇದನ್ನೆಲ್ಲ ಬಿಟ್ಟು ಸುತ್ತಮುತ್ತ ನೋಡಿದರೂ ಗೊತ್ತಾಗುತ್ತದೆ. ಸೊಳ್ಳೆಯಿಂದ ಎಚ್‌ಐವಿ ಬರುವಂತಿದ್ದರೆ ಮನೆಯ ಅಜ್ಜ, ಅಜ್ಜಿ, ಶಾಲೆಯ ಮಕ್ಕಳು ಎಲ್ಲರಿಗೂ ಬರಬೇಕಿತ್ತು. ಸೊಳ್ಳೆ ವಯಸ್ಸು ನೋಡಿ ಕಚ್ಚುವುದಿಲ್ಲವಲ್ಲ.

ಇನ್ನೂ ಒಂದು ಮಾತಿದೆ. ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ದಾಟುವುದಿಲ್ಲ. ಎಚ್‌ಐವಿ ದಾಟುವುದು ಮನುಷ್ಯರಿಂದ ಮನುಷ್ಯರಿಗೆ ಮಾತ್ರ. ಆಫ್ರಿಕದ ಕ್ಯಾಮರೂನಿನ ಚಿಂಪಾಂಜಿಗಳಲ್ಲಿದ್ದ ಒಂದು ವೈರಸ್ ಸುಮಾರು ನೂರು ವರ್ಷಗಳ ಹಿಂದೆ ಮನುಷ್ಯರಿಗೆ ಬಂತು, ಮನುಷ್ಯರಲ್ಲಿಯೇ ನೆಲೆ ನಿಂತಿತು. ಈಗ ಅದಕ್ಕೆ ಕಾಡೂ ಬೇಡ, ಪ್ರಾಣಿಯೂ ಬೇಡ. ದಾಟಲು ನಾಲ್ಕೈದು ದ್ರವಗಳಷ್ಟೇ ದಾರಿ: ರಕ್ತ, ವೀರ್ಯ, ಯೋನಿ ಮತ್ತು ಗುದನಾಳದ ದ್ರವ, ಎದೆಹಾಲು. ಇವು ಇನ್ನೊಬ್ಬರ ರಕ್ತಕ್ಕೆ ಅಥವಾ ಒಳಗಿನ ಮೆತ್ತನೆಯ ಪದರಕ್ಕೆ ತಾಗಬೇಕು. ಬೆವರು, ಎಂಜಲು, ಕಣ್ಣೀರಿನಿಂದ ಬರುವುದಿಲ್ಲ. ಒಂದೇ ಲೋಟ, ಒಂದೇ ಬಸ್ಸಿನ ಸೀಟು, ಒಂದೇ ದೋಣಿಯ ಊಟ, ಯಾವುದರಿಂದಲೂ ಇಲ್ಲ. ಗೋಕರ್ಣದಲ್ಲಿ ಟ್ಯಾಟೂ ಹಾಕಿಸಿಕೊಳ್ಳುವವರು ಮಾತ್ರ ಹೊಸ ಸೂಜಿಯ ಪ್ಯಾಕೆಟ್ ಕಣ್ಣೆದುರೇ ಒಡೆಸಿ.

ಜಾಸ್ತಿ ಹರಡುವುದು ಕಾಂಡೋಮ್ ಇಲ್ಲದ ಸಂಭೋಗದಿಂದ. ಜನನಾಂಗದಲ್ಲಿ ಬೇರೆ ಸೋಂಕಿನ ಹುಣ್ಣಿದ್ದರೆ ವೈರಸ್ಸಿಗೆ ದಾರಿ ಇನ್ನೂ ಸಲೀಸು. ಸೋಂಕಿರುವ ತಾಯಿಗೆ ಚಿಕಿತ್ಸೆ ಸಿಗದಿದ್ದರೆ ಮಗುವಿಗೆ ಬರುವ ಸಾಧ್ಯತೆ ಶೇ. 15ರಿಂದ 45. ಬಸಿರಿನಲ್ಲೇ ಮಾತ್ರೆ ಶುರುವಾದರೆ ಅದು ಶೇ. 5ಕ್ಕಿಂತ ಕೆಳಗಿಳಿಯುತ್ತದೆ. ನರ್ಸ್ ಒಬ್ಬರಿಗೆ ಸೋಂಕಿತರ ಸೂಜಿ ಚುಚ್ಚಿದರೆ? ಅಂಥ ಸಾವಿರ ಘಟನೆಗಳಲ್ಲಿ ಸುಮಾರು ಮೂರರಲ್ಲಿ ಸೋಂಕು ತಗಲುತ್ತದೆ. ಅದನ್ನೂ ತಡೆಯಬಹುದು. 72 ಗಂಟೆಯೊಳಗೆ ಮಾತ್ರೆ ಶುರು ಮಾಡಿ 28 ದಿನ ನುಂಗಬೇಕು.

ಕೋಶದೊಳಗೆ ಹೊಕ್ಕ ಮೇಲೆ ಎಚ್‌ಐವಿ ಮಾಡುವ ಕೆಲಸವೇ ಬೇರೆ. ನಮ್ಮ ಜೀವಕೋಶಗಳಲ್ಲಿ ಡಿಎನ್‌ಎ ನೋಡಿ ಆರ್‌ಎನ್‌ಎ ತಯಾರಾಗುತ್ತದೆ. ಎಚ್‌ಐವಿ ತನ್ನ ಆರ್‌ಎನ್‌ಎಯನ್ನು ಉಲ್ಟಾ ಡಿಎನ್‌ಎ ಮಾಡಿ ನಮ್ಮ ಡಿಎನ್‌ಎಯ ನಡುವೆಯೇ ಸೇರಿಸಿಬಿಡುತ್ತದೆ. ಹೀಗೆ ಉಲ್ಟಾ ಬರೆಯುವಾಗ ತಪ್ಪುಗಳೂ ಆಗುತ್ತವೆ, ತಿದ್ದುವ ಏರ್ಪಾಡು ಅದಕ್ಕಿಲ್ಲ. ದಿನಕ್ಕೆ ಕೋಟಿಗಟ್ಟಲೆ ಹುಟ್ಟುವ ವೈರಸ್‌ಗಳಲ್ಲಿ ಒಂದು ಇನ್ನೊಂದರ ಹಾಗಿರುವುದಿಲ್ಲ. 1983ರಲ್ಲೇ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ವೈರಸ್ ಸಿಕ್ಕಿದರೂ ಲಸಿಕೆ ಇವತ್ತಿಗೂ ಸಿಗದಿರಲು ಇದು ದೊಡ್ಡ ಕಾರಣ.

ರೋಗದ ವಿರುದ್ಧ ಮೈಯ ಹೋರಾಟವನ್ನು ನಡೆಸುವುದೇ ಟಿ ಕೋಶಗಳು. ಆರೋಗ್ಯವಂತರಲ್ಲಿ ಒಂದು ಘನ ಮಿಲಿಮೀಟರ್ ರಕ್ತಕ್ಕೆ 500ರಿಂದ 1500 ಇರುವ ಈ ಸಿಡಿ4 ಕೋಶಗಳು ಚಿಕಿತ್ಸೆ ಇಲ್ಲದಿದ್ದರೆ ವರ್ಷ ವರ್ಷ ಕಮ್ಮಿಯಾಗುತ್ತವೆ. 200ಕ್ಕಿಂತ ಕೆಳಗಿಳಿದರೆ ಅದು ಏಡ್ಸ್. ಆಗ ಕ್ಷಯದಂಥ ಕಾಯಿಲೆಗಳು ಮೇಲೇಳುತ್ತವೆ. ಈ ಹಂತಕ್ಕೆ ಬರಲು ಹತ್ತು ವರ್ಷ ಹಿಡಿದರೂ ಹಿಡಿಯಿತು. ಅಲ್ಲಿಯವರೆಗೆ ಮನುಷ್ಯ ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ. ಮುಖ ನೋಡಿ ಎಚ್‌ಐವಿ ಹೇಳುತ್ತೇನೆ ಎನ್ನುವವರ ಮಾತು ಬರೀ ಬುರುಡೆ. ರಕ್ತಪರೀಕ್ಷೆಯೇ ಆಗಬೇಕು. ಅದರಲ್ಲೂ ಸೋಂಕು ತಗಲಿದ ಮೊದಲ ಕೆಲವು ವಾರ ಗೊತ್ತಾಗದೇ ಇರಬಹುದು, ಮೂರು ತಿಂಗಳ ಬಳಿಕ ಮತ್ತೊಮ್ಮೆ ಮಾಡಿಸುವುದು ಒಳ್ಳೆಯದು. ತಾಲೂಕು ಆಸ್ಪತ್ರೆಗಳ ಐಸಿಟಿಸಿ ಎಂಬ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಪರೀಕ್ಷೆ ಉಚಿತ. ಪರಿಚಯದವರು ನೋಡಿಯಾರು ಎಂದು ಕೆಲವರು ಬೇರೆ ಊರಿಗೆ ಹೋಗುತ್ತಾರೆ. ಹೋಗಲಿ ಬಿಡಿ, ಮಾಡಿಸಿಕೊಂಡರೆ ಸಾಕು. ಗುಟ್ಟು ಕಾಪಾಡಬೇಕೆಂದು 2017ರ ಕಾಯ್ದೆಯೇ ಇದೆ. ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿಯೂ ಕೇಳಬಹುದು.

ವೈರಸ್ ಹೆಚ್ಚದಂತೆ ತಡೆಯುವ ಎಆರ್‌ಟಿ ಮಾತ್ರೆ ನಮ್ಮ ದೇಶದಲ್ಲಿ 2004ರಿಂದ ಉಚಿತ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ, ಅದರಲ್ಲೇ ಮೂರು ಔಷಧ. ತಪ್ಪದೆ ನುಂಗಿದರೆ ರಕ್ತದಲ್ಲಿ ವೈರಸ್ ಪರೀಕ್ಷೆಗೂ ಸಿಗದಷ್ಟು ಕಮ್ಮಿಯಾಗುತ್ತದೆ. ಹಾಗೆಯೇ ಉಳಿದರೆ ಸಂಭೋಗದಿಂದ ಸಂಗಾತಿಗೆ ಹರಡುವುದಿಲ್ಲ. ಈ ಸುದ್ದಿ ನಮ್ಮ ಕಡೆ ಇನ್ನೂ ಸಾಕಷ್ಟು ಮುಟ್ಟಿಲ್ಲ ಎಂಬುದೇ ನನ್ನ ಬೇಸರ. ಆದರೆ ಡಿಎನ್‌ಎಯೊಳಗೆ ಸೇರಿ ಮಲಗಿದ ವೈರಸ್ಸನ್ನು ಮಾತ್ರೆ ಮುಟ್ಟಲಾರದು. ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದು ಏಳುತ್ತದೆ. ಕಾರವಾರದ ಬೈತಕೋಲದಿಂದಲೋ ತದಡಿಯಿಂದಲೋ ಬೋಟಿಗೆ ಹೋಗುವವರಿಗೆ ತಿಂಗಳಿಗೊಮ್ಮೆ ಮಾತ್ರೆಗೆ ಬರುವುದು ಕಷ್ಟ. ಆರೋಗ್ಯ ಹದದಲ್ಲಿರುವವರಿಗೆ ಒಂದೇ ಸಲಕ್ಕೆ ಎರಡು ಮೂರು ತಿಂಗಳ ಮಾತ್ರೆ ಕೊಡುವ ವ್ಯವಸ್ಥೆ ಇದೆ. ಆಗಸ್ಟಿನಲ್ಲಿ ಮೀನುಗಾರಿಕೆ ಶುರುವಾಗುವ ಮೊದಲೇ ಎಆರ್‌ಟಿ ಕೇಂದ್ರದಲ್ಲಿ ಇದನ್ನು ಕೇಳಿಟ್ಟುಕೊಳ್ಳಿ.