ಚಗಳಿ ಮತ್ತು ಜಿಗಿಯುವ ಇರುವೆ: ರಾಣಿ ಸತ್ತ ಮೇಲೆ ಗೂಡಿನ ಗತಿ

ದಕ್ಷಿಣ ಗೋವಾದ ಕೊಟಿಗಾವ್ ಅಭಯಾರಣ್ಯದಲ್ಲಿ ನಮಗೆ ಎದುರಾದದ್ದು ಎಲೆ ಹೊಲಿದು ಗೂಡು ಕಟ್ಟುವ ಚಗಳಿ ಇರುವೆ ಮಾತ್ರ. ನಾವು ಓದುತ್ತಿರುವ ಪಠ್ಯದ ಪ್ರಶ್ನೆಯೊಂದು ಅದರೊಂದಿಗೆ ಹೋಲಿಸಲು ಕೇಳುವ ಜಿಗಿಯುವ ಇರುವೆ ತರಗೆಲೆಗಳ ನಡುವೆ ಒಂಟಿಯಾಗಿ ಬೇಟೆಯಾಡುವುದರಿಂದ ಸುಲಭಕ್ಕೆ ಕಣ್ಣಿಗೆ ಬೀಳದು. ಎರಡೂ ಪಶ್ಚಿಮ ಘಟ್ಟದ ಇರುವೆಗಳೇ. ಮಡಗಾಂವಿನ ನಮ್ಮ ಕನ್ನಡ ಓದುಬಳಗದಲ್ಲಿ ಹಲವರು ಆ ಪ್ರಶ್ನೆಗೆ ಉತ್ತರಿಸುವಾಗ ಇವುಗಳ ವ್ಯತ್ಯಾಸವನ್ನು ಬಣ್ಣ, ಗಾತ್ರಗಳಲ್ಲೇ ಮುಗಿಸುತ್ತಿದ್ದಾರೆ. ನನ್ನ ದೃಷ್ಟಿಯಲ್ಲಿ ಮುಖ್ಯ ವ್ಯತ್ಯಾಸವಿರುವುದು ರಾಣಿ ಸತ್ತ ಬಳಿಕ ನಡೆಯುವುದರಲ್ಲಿ.

ಚಗಳಿಯ ಶಾಸ್ತ್ರೀಯ ಹೆಸರು ಈಕೊಫಿಲ್ಲಾ ಸ್ಮರಾಗ್ಡಿನಾ. ಗೇರುಮರವೊಂದರಲ್ಲಿ ನಾವು ಕಂಡಂತೆ, ಎರಡು ಎಲೆಗಳ ನಡುವಿನ ಅಂತರ ಒಂದು ಇರುವೆಯ ಅಳತೆಗೆ ಮೀರಿದಾಗ ಅವು ಒಂದರ ಸೊಂಟವನ್ನು ಇನ್ನೊಂದು ಕಚ್ಚಿ ಹಿಡಿದು, ಸರಪಳಿಯಾಗಿ ಎಲೆಯನ್ನು ಎಳೆಯುತ್ತವೆ. ಅಂಚುಗಳು ಕೂಡಿದ ಮೇಲೆ ಬೇರೆ ಕೆಲಸಗಾರ ಇರುವೆಗಳು ಮರಿಹುಳುಗಳನ್ನು ದವಡೆಯಲ್ಲಿ ಹಿಡಿದು, ಮಗ್ಗದ ಲಾಳಿಯಂತೆ ಅತ್ತಿತ್ತ ಆಡಿಸಿ, ಅವುಗಳ ರೇಷ್ಮೆಯಿಂದಲೇ ಎಲೆಗಳನ್ನು ಹೊಲಿಯುತ್ತವೆ. ರೇಷ್ಮೆಯೆಲ್ಲ ಗೂಡಿಗೇ ಸಲ್ಲುವುದರಿಂದ ಆ ಮರಿಗಳು ತಮಗೆ ಕೋಶ ಕಟ್ಟಿಕೊಳ್ಳುವುದಿಲ್ಲ. ಚಗಳಿಗೆ ಚುಚ್ಚುವ ಕೊಂಡಿಯಿಲ್ಲ. ಕಚ್ಚಿದ ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ. ಚಗಳಿ ಚಟ್ನಿಯ ಹುಳಿಯೂ ಅದರದ್ದೇ.

ಜಿಗಿಯುವ ಇರುವೆ, ಅಂದರೆ ಹಾರ್ಪೆಗ್ನಾಥಸ್ ಸಾಲ್ಟೇಟರ್, 1851ರಲ್ಲಿ ಥಾಮಸ್ ಜೆರ್ಡನ್ ವಿವರಿಸಿದ ಪ್ರಭೇದ. ದೊಡ್ಡ ಕಣ್ಣು, ನೀಳ ದವಡೆ, ಬೇಟೆಯನ್ನು ನಿಶ್ಚೇಷ್ಟಗೊಳಿಸುವ ಕೊಂಡಿ, ನೆಲದಡಿಯ ಪುಟ್ಟ ಸಂಸಾರ: ಇಷ್ಟು ನೆನಪಿಟ್ಟರೆ ಸಾಕು.

ಈಗ ರಾಣಿಯ ವಿಷಯ. ಚಗಳಿಯ ಕೆಲಸಗಾರ ಇರುವೆಗಳು ಗಂಡಿನೊಡನೆ ಕೂಡಲಾರವು. ಅವು ಮೊಟ್ಟೆಯಿಟ್ಟರೂ ಫಲಿತವಾಗದ ಮೊಟ್ಟೆಯಿಂದ ಗಂಡೇ ಹುಟ್ಟುವುದರಿಂದ, ಹಲವು ಮರಗಳಿಗೆ ಹಬ್ಬಿದ ಸಮೂಹವೂ ರಾಣಿಯಿಲ್ಲದೆ ಕ್ರಮೇಣ ಬರಿದಾಗುತ್ತದೆ. ಜಿಗಿಯುವ ಇರುವೆಗಳಲ್ಲಿ ಹಾಗಲ್ಲ. ರಾಣಿ ಸತ್ತೊಡನೆ ಕೆಲಸಗಾರ ಇರುವೆಗಳು ಕುಡಿಮೀಸೆಗಳಿಂದ ಪರಸ್ಪರ ಬಡಿದಾಡತೊಡಗುತ್ತವೆ. ವಾರಗಟ್ಟಲೆ ನಡೆಯುವ ಈ ಸೆಣಸಾಟದಲ್ಲಿ ಗೆದ್ದ ಕೆಲವು, ಗಂಡುಗಳೊಡನೆ ಕೂಡಿ ಮೊಟ್ಟೆಯಿಡುವ ‘ಗ್ಯಾಮರ್ಗೇಟ್’ಗಳಾಗುತ್ತವೆ. ಅವುಗಳ ಅಂಡಾಶಯ ಬೆಳೆಯುತ್ತದೆ, ಆಯುಸ್ಸು ಸುಮಾರು ಏಳು ತಿಂಗಳಿಂದ ನಾಲ್ಕು ವರ್ಷದವರೆಗೆ ಹಿಗ್ಗುತ್ತದೆ, ಮಿದುಳು ಮಾತ್ರ ಸುಮಾರು ಐದನೆಯ ಒಂದು ಭಾಗದಷ್ಟು ಕುಗ್ಗುತ್ತದೆ. ಅಂಥ ಇರುವೆಯನ್ನು ಮರಳಿ ಕೆಲಸಗಾರನ ಸ್ಥಿತಿಗೆ ತಂದಾಗ ಮಿದುಳು ಮೊದಲಿನಷ್ಟೇ ಬೆಳೆದದ್ದನ್ನು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಉತ್ತರ ಬರೆಯುವಾಗ ಗ್ಯಾಮರ್ಗೇಟನ್ನು ‘ಹೊಸ ರಾಣಿ’ ಎನ್ನಬೇಡಿ. ಅದು ರೆಕ್ಕೆಯೇ ಇಲ್ಲದೆ ಹುಟ್ಟಿದ ಕೆಲಸಗಾರ ಇರುವೆ; ಇರುವ ಗೂಡನ್ನು ಉಳಿಸಬಲ್ಲದು, ಹಾರಿಹೋಗಿ ಇನ್ನೊಂದನ್ನು ಹೂಡಲು ರೆಕ್ಕೆಯುಳ್ಳ ರಾಣಿಯೇ ಬೇಕು.