‘ಕಡಿಮೆಯಾಯಿತು’ ಎನ್ನಲು ಇಂಗ್ಲಿಷಿನಲ್ಲಿ ಯಾವ ಕ್ರಿಯಾಪದ?

ಕನ್ನಡದಲ್ಲಿ ಜ್ವರವೂ ಕಡಿಮೆಯಾಗುತ್ತದೆ, ಮಳೆಯೂ ಕಡಿಮೆಯಾಗುತ್ತದೆ, ಸಾಲವೂ ಕಡಿಮೆಯಾಗುತ್ತದೆ. ಇವೆಲ್ಲಕ್ಕೂ ಇಂಗ್ಲಿಷಿನಲ್ಲಿ ‘ರಿಡ್ಯೂಸ್’ ಎಂದೇ ಬರೆಯುವುದು ನನಗೆ ರೂಢಿಯಾಗಿತ್ತು. ಕಳೆದ ವಾರ ರಜೆಯ ಪತ್ರದಲ್ಲಿ ‘ಮೈ ಫೀವರ್ ಹ್ಯಾಸ್ ರಿಡ್ಯೂಸ್ಡ್’ ಎಂದು ಬರೆದಿದ್ದಾಗ, ಹಿರಿಯ ಸಹೋದ್ಯೋಗಿಯೊಬ್ಬರು ಕೊನೆಯ ಪದವನ್ನು ಹೊಡೆದುಹಾಕಿ ‘ಕಮ್ ಡೌನ್’ ಎಂದು ತಿದ್ದಿದರು. ಅದರ ಕಾರಣವನ್ನು ಹುಡುಕುತ್ತಾ ಹೋದಾಗ ತಿಳಿದದ್ದು ಮರೆಯುವ ಮೊದಲೇ ಇದನ್ನು ಬರೆಯುತ್ತಿದ್ದೇನೆ.

‘ರಿಡ್ಯೂಸ್’ ಬಹುಮಟ್ಟಿಗೆ ಸಕರ್ಮಕ: ಇಳಿಸುವವರೊಬ್ಬರು ಇರಬೇಕು, ಇಳಿಸಲ್ಪಡುವುದೊಂದು ಇರಬೇಕು. ಇದನ್ನು ಗುರುತಿಸಲು ನಮ್ಮ ‘ಇಸು’ ಪ್ರತ್ಯಯವೇ ಸಾಕು. ಇಳಿಸು, ತಗ್ಗಿಸು, ಕುಗ್ಗಿಸು ಎನ್ನುವಲ್ಲಿ ರಿಡ್ಯೂಸ್, ಲೋವರ್, ಕಟ್ ಹೊಂದುತ್ತವೆ. ಇಳಿ, ತಗ್ಗು, ಕುಗ್ಗು ಎನ್ನುವಲ್ಲಿ ಫಾಲ್, ಡ್ರಾಪ್, ಡಿಕ್ಲೈನ್, ಗೋ ಡೌನ್ ಸಹಜ. ವೈದ್ಯರು ಔಷಧದ ಪ್ರಮಾಣವನ್ನು ‘ರಿಡ್ಯೂಸ್’ ಮಾಡುತ್ತಾರೆ, ಜ್ವರ ತಾನಾಗಿ ‘ಕಮ್ ಡೌನ್’ ಆಗುತ್ತದೆ. ‘ಡಿಕ್ರೀಸ್’ ಎರಡೂ ಕಡೆ ನಡೆಯುತ್ತದೆ, ಆದರೆ ಅದು ಅಂಕಿಅಂಶಗಳಿಗೆ ಒಪ್ಪುವಷ್ಟು ಮನೆಮಾತಿಗೆ ಒಪ್ಪುವುದಿಲ್ಲ. ‘ರಿಡ್ಯೂಸ್’ ಸಕರ್ಮಕ ಎಂಬುದಕ್ಕೆ ಅಡುಗೆ ಒಂದು ಅಪವಾದ: ಸಾಸ್ ಕುದಿದು ಬತ್ತುವುದನ್ನು ‘ದಿ ಸಾಸ್ ರಿಡ್ಯೂಸಸ್’ ಎಂದೇ ಹೇಳುತ್ತಾರೆ.

ಉಳಿದದ್ದು ನಾಮಪದದ ಜೊತೆಗಾರಿಕೆ. ನೋವು ‘ಈಸ್’ ಆಗುತ್ತದೆ, ಊತ ‘ಗೋ ಡೌನ್’ ಆಗುತ್ತದೆ, ನೆರೆನೀರು ‘ರಿಸೀಡ್’ ಆಗುತ್ತದೆ. ಮಳೆ ಬಿಡುವು ಕೊಟ್ಟಾಗ ಮಲೆನಾಡಿನವರು ಮಳೆ ಹೊಳವಾಯಿತು ಎನ್ನುವಲ್ಲಿ ‘ಲೆಟ್ ಅಪ್’ ಬರುತ್ತದೆ. ತೂಕ ಇಳಿಸಿಕೊಳ್ಳುವುದು ‘ಲೂಸ್ ವೆಯ್ಟ್’, ಟಿವಿಯ ಸದ್ದು ತಗ್ಗಿಸುವುದು ‘ಟರ್ನ್ ಡೌನ್’, ಸಕ್ಕರೆ ತಿನ್ನುವುದನ್ನು ಕಡಿಮೆ ಮಾಡುವುದು ‘ಕಟ್ ಡೌನ್ ಆನ್ ಶುಗರ್’. ಇವುಗಳಿಗೆ ಸೂತ್ರವಿಲ್ಲ, ಜೋಡಿಯಾಗಿಯೇ ಕಲಿಯಬೇಕು.

ನನ್ನನ್ನು ಹೆಚ್ಚು ಕಾಡಿದ್ದು ಕ್ರಿಯಾಪದವಲ್ಲ, ಅದರ ನಂತರ ಬರುವ ‘ಬೈ’ ಮತ್ತು ‘ಟು’. ಭಾರತೀಯ ರಿಸರ್ವ್ ಬ್ಯಾಂಕ್ 2025ರ ಫೆಬ್ರವರಿಯಲ್ಲಿ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರವನ್ನು, ಶೇ 6.50ರಿಂದ ಶೇ 6.25ಕ್ಕೆ ಇಳಿಸಿತು. ಇದನ್ನು ‘ಕಟ್ ದಿ ರೇಟ್ ಬೈ 0.25’ ಎಂದರೆ ಇಳಿದ ಅಂತರ ಶೇಕಡಾ ಕಾಲು ಅಂಶ ಎಂದಾಗುತ್ತದೆ, ‘ಟು 0.25’ ಎಂದು ಬರೆದುಬಿಟ್ಟರೆ ದರವೇ ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತಿತು ಎಂದಾಗುತ್ತದೆ. ಒಂದು ಪದದಿಂದ ಸಾಲಗಾರನ ಕಂತಿನ ಲೆಕ್ಕವೇ ಬುಡಮೇಲಾಗುವುದರಿಂದ ಇಲ್ಲಿ ಉದಾಸೀನ ಸಲ್ಲದು. ಇದಕ್ಕೆ ಕೀಲಿಕೈ ನಮ್ಮ ಪತ್ರಿಕೆಗಳ ಭಾಷೆಯಲ್ಲೇ ಇದೆ: ‘ಶೇ 0.25ರಷ್ಟು ಇಳಿಕೆ’ ಎನ್ನುವಾಗಿನ ‘ಅಷ್ಟು’ ಇಂಗ್ಲಿಷಿನ ‘ಬೈ’, ‘ಶೇ 6.25ಕ್ಕೆ ಇಳಿಕೆ’ ಎನ್ನುವಾಗಿನ ‘ಕ್ಕೆ’ ಇಂಗ್ಲಿಷಿನ ‘ಟು’. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಂಡು, ಸಂಖ್ಯೆಗೆ ಅಂಟಿದ್ದು ‘ಅಷ್ಟು’ವೋ ‘ಕ್ಕೆ’ಯೋ ಎಂದು ನೋಡಿದರೆ ತಪ್ಪುವ ಸಂಭವ ಕಡಿಮೆ. ಮಾತಿನಲ್ಲಿ ನಾವು ‘ಅಷ್ಟು’ವನ್ನು ಬಿಟ್ಟು ‘ಇಪ್ಪತ್ತು ರೂಪಾಯಿ ಇಳಿಯಿತು’ ಎನ್ನುತ್ತೇವೆ; ಪ್ರತ್ಯಯವಿಲ್ಲದ ಅಂಥ ಕಡೆ ಹೊಂದುವುದೂ ‘ಬೈ’, ‘ಟು’ ಅಲ್ಲ.

ಕ್ರಿಯಾಪದದ ಬದಲು ‘ರಿಡಕ್ಷನ್’ ಎಂಬ ನಾಮಪದವನ್ನು ಬಳಸಿದಾಗ ‘ಬೈ’ ಹೋಗಿ ಮೊತ್ತದ ಮುಂದೆ ‘ಆಫ್’ ಬರುತ್ತದೆ, ಇಳಿದ ವಸ್ತುವಿನ ಮುಂದೆ ‘ಇನ್’ ಬರುತ್ತದೆ: ‘ಎ ರಿಡಕ್ಷನ್ ಆಫ್ ಟ್ವೆಂಟಿ ರುಪೀಸ್ ಇನ್ ದಿ ಫೇರ್’.